ಅನುಮತಿ ಪತ್ರದಲ್ಲಿ ಓಡುವವರ ಬಗ್ಗೆಯೂ ಒಂದು ಸಾಲು ಇರಲಿ

ಇವರಿಗೆ,
ರಸ್ತೆ ಓಟಗಳಿಗೆ ಅನುಮತಿ ನೀಡುವ ಜಿಲ್ಲಾಡಳಿತ, ಪೊಲೀಸ್ ಮತ್ತು ನಗರಾಡಳಿತದ ಎಲ್ಲ ಅಧಿಕಾರಿಗಳಿಗೆ

ವಿಷಯ: ರಸ್ತೆಯ ಅಳತೆ, ಐಸು ಮತ್ತು ಕೊನೆಯಲ್ಲಿ ಓಡುವವರ ರಕ್ಷಣೆ ಕುರಿತು

ಮಾನ್ಯರೇ,

ನನಗೆ ಈಗ 64 ವರ್ಷ. ಮೈಸೂರಿನವನು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾಗಿದ್ದೇನೆ. ಹದಿನೈದನೇ ವಯಸ್ಸಿಗೆ ಶಾಲೆಯ ಗುಡ್ಡಗಾಡು ಓಟದಲ್ಲಿ ಬರಿಗಾಲಲ್ಲಿ ಓಡಿದೆ. ಅವತ್ತಿನಿಂದ ಓಡುವುದನ್ನು ಬಿಟ್ಟಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿ, ಚಾಮುಂಡಿ ಬೆಟ್ಟದ ರಸ್ತೆ, ಇವೇ ನನ್ನ ಮೈದಾನ. 1991ರಿಂದ ಓಟಗಳನ್ನು ನಡೆಸುತ್ತಲೂ ಬಂದಿದ್ದೇನೆ. ಸಣ್ಣ ಓಟಗಳು. ದೊಡ್ಡ ಪ್ರಾಯೋಜಕರಿಲ್ಲ, ಸಿನಿಮಾ ತಾರೆಯರಿಲ್ಲ. ಆದರೂ ಓಟ ನಡೆಸುವುದೆಂದರೆ ಏನು ಅನ್ನೋದು ಇಷ್ಟು ವರ್ಷಗಳಲ್ಲಿ ಗೊತ್ತಾಗಿದೆ. ಆ ಭರವಸೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಒಂದು ಓಟಕ್ಕೆ ಅನುಮತಿ ಪಡೆಯಲು ಎಷ್ಟು ಕಾಗದ ಬೇಕು ಎಂದು ತಮಗೆ ಗೊತ್ತೇ ಇದೆ. ಠಾಣೆಯಿಂದ ಒಂದು, ಸಂಚಾರ ಪೊಲೀಸರಿಂದ ಒಂದು, ನಗರಾಡಳಿತದಿಂದ ಒಂದು. ರಸ್ತೆ ಲೋಕೋಪಯೋಗಿ ಇಲಾಖೆಯದಾದರೆ ಅಲ್ಲಿಂದ ಇನ್ನೊಂದು. ಧ್ವನಿವರ್ಧಕಕ್ಕೆ ಬೇರೆ, ಶಾಮಿಯಾನಕ್ಕೆ ಬೇರೆ, ಬ್ಯಾನರ್ ಕಟ್ಟಲು ಬೇರೆ. ಕೊನೆಗೆ ಸಂಘಟಕರ ಮುಚ್ಚಳಿಕೆ. 2025ರ ಜೂನ್ 4ರಂದು ಬೆಂಗಳೂರಿನ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ತೀರಿಕೊಂಡ ಮೇಲೆ ತಾವು ಇನ್ನೂ ಬಿಗಿಯಾಗಿದ್ದೀರಿ. ಅದು ಸರಿ. ಜನ ಸೇರುವ ಕಡೆ ಕೇಳಬೇಕಾದದ್ದನ್ನು ಕೇಳಲೇಬೇಕು. ಅದರ ಬಗ್ಗೆ ನನ್ನ ತಕರಾರಿಲ್ಲ.

ನನ್ನ ದೂರು ಬೇರೆ. ಇಷ್ಟು ಕಾಗದಗಳಲ್ಲಿ ಮುಖ್ಯ ಅತಿಥಿ ಎಲ್ಲಿ ಕೂರುತ್ತಾರೆ ಎಂಬ ಪ್ರಶ್ನೆ ಇದೆ. ಅವರ ಕಾರು ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಯೂ ಇದೆ. ಈ ರಸ್ತೆಯನ್ನು ಯಾರು ಅಳೆದರು, ಹೇಗೆ ಅಳೆದರು ಎಂದು ಯಾವ ಕಾಗದವೂ ಕೇಳುವುದಿಲ್ಲ. ಬಿಸಿಲಿಗೆ ಯಾರಾದರೂ ಬಿದ್ದರೆ ಐಸು ಎಲ್ಲಿದೆ ಎಂದು ಕೇಳುವುದಿಲ್ಲ. ಕೊನೆಯವರು ಬಂದು ಮುಟ್ಟುವವರೆಗೆ ರಸ್ತೆ ಅವರದ್ದಾಗಿರುತ್ತದಾ ಎಂದು ಕೇಳುವುದಿಲ್ಲ. ಓಡುವವರಿಗೆ ಬೇಕಾದದ್ದು ಈ ಮೂರೇ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರದಲ್ಲಿ ಒಂದು ಏಪ್ರಿಲ್ ಭಾನುವಾರ ನಾನೇ ಓಡಿದ 10 ಕಿಮೀ ಓಟದಲ್ಲಿ ಕಂಡದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಒಂದು ಊರನ್ನು ಬೆರಳು ಮಾಡಿ ತೋರಿಸಿದರೆ ಉಳಿದ ಊರುಗಳೆಲ್ಲ ನೆಮ್ಮದಿಯಾಗಿಬಿಡುತ್ತವೆ. ಆ ದಿನ ಅಲ್ಲಿ ನಡೆದದ್ದು ನಾಳೆ ಎಲ್ಲಿ ಬೇಕಾದರೂ ನಡೆಯಬಹುದು.

ಓಟ ಬೆಳಿಗ್ಗೆ 5.45ಕ್ಕೆ ಶುರುವಾಗಬೇಕಿತ್ತು. ಏಪ್ರಿಲ್‌ಗೆ ಅದು ಒಳ್ಳೆಯ ಹೊತ್ತು. ಹುಡುಗರು, ಹೆಂಗಸರು, ನನ್ನಂಥ ವಯಸ್ಸಾದವರು ಐದು ಗಂಟೆಗೇ ಬಂದು ಮೈ ಬಿಸಿ ಮಾಡಿಕೊಂಡು ನಿಂತಿದ್ದೆವು. ಬಾವುಟ ಬೀಸಬೇಕಾದ ಅತಿಥಿ ಬರಲಿಲ್ಲ. ವೇದಿಕೆ ಮೇಲೆ ಹಾಡು ಹಾಕಿದರು, ಕುಣಿಸಿದರು. ಸೂರ್ಯ ಮೇಲೆ ಬಂದ. ಓಟ ಶುರುವಾದಾಗ 6.50. ಬೇಸಿಗೆಯ ಬೆಳಗಿನ ಆ ಒಂದು ಗಂಟೆ ಐದು ನಿಮಿಷಕ್ಕೆ ಎಷ್ಟು ಬೆಲೆ ಇದೆ ಅನ್ನೋದು ಓಡಿದವರಿಗೆ ಗೊತ್ತು. ನಾವು ಕಳೆದುಕೊಂಡದ್ದು ತಂಪಾದ ಒಂದು ಗಂಟೆ. ಎದುರಿಗೆ ಬಂದದ್ದು ಸುಡುವ ಒಂದು ಗಂಟೆ.

ಹೋಗಿ ಬರುವ ದಾರಿ ಅದು. ನೇರ ಹೋಗಿ ರೈಲ್ವೆ ಗೇಟ್ ದಾಟಿ, ಮುಂದೆ ಒಂದು ಪೆಟ್ರೋಲ್ ಬಂಕ್ ಹತ್ತಿರ ತಿರುಗಿ ವಾಪಸ್ ಬರಬೇಕು. ನಕ್ಷೆಯಲ್ಲಿ ಹಾಗೇ ಇತ್ತು. ನಾನು ಗೇಟ್ ಹತ್ತಿರ ಹೋದರೆ, ಗೇಟಿಗೂ ಮೊದಲೇ ಒಂದು ಕೋನ್ ಇಟ್ಟು ಹುಡುಗನೊಬ್ಬ ತಿರುಗಿ ತಿರುಗಿ ಎಂದು ಕೈ ಮಾಡುತ್ತಿದ್ದ. ಆಮೇಲೆ ವಿಚಾರಿಸಿದೆ. ಬಂದೋಬಸ್ತಿಗೆ ಬಂದಿದ್ದ ಅಧಿಕಾರಿಯೊಬ್ಬರು ಅವತ್ತು ಬೆಳಿಗ್ಗೆಯೇ ಗೇಟ್ ದಾಟಬೇಡಿ, ರೈಲು ಬರುತ್ತದೆ ಎಂದು ಬಾಯಿಮಾತಿನಲ್ಲಿ ಹೇಳಿದ್ದರಂತೆ. ಸಂಘಟಕರು ಕೋನ್ ಹಿಂದೆ ಸರಿಸಿದರು. ಅಷ್ಟೇ. ಓಟದ ಆರಂಭದ ಗೆರೆ ಎಲ್ಲಿತ್ತೋ ಅಲ್ಲೇ ಉಳಿಯಿತು. ಯಾರಿಗೂ ಹೇಳಲಿಲ್ಲ.

ಆ ಅಧಿಕಾರಿ ಹೇಳಿದ್ದು ತಪ್ಪಲ್ಲ. ಓಟವನ್ನು ರೈಲ್ವೆ ಗೇಟ್ ದಾಟಿಸಲೇಬಾರದು. ಆದರೆ ಆ ಮಾತು ಒಂದು ತಿಂಗಳ ಮೊದಲು ಬರಬೇಕಿತ್ತು. ಆಗ ಆರಂಭದ ಗೆರೆಯನ್ನು ಹಿಂದಕ್ಕೆ ಒಯ್ದು ದೂರ ಸರಿ ಮಾಡಬಹುದಿತ್ತು.

ಮುಂದಿನ ಭಾನುವಾರ ನಾನು ಸೈಕಲ್ ತೆಗೆದುಕೊಂಡು ಹೋಗಿ ಆ ದಾರಿ ಅಳೆದೆ. ಕೋನ್ ಸರಿದದ್ದು 345 ಮೀಟರ್. ಹೋಗುವಾಗ 345, ಬರುವಾಗ 345. ಒಟ್ಟು 690 ಮೀಟರ್ ಕಡಿಮೆ. ನಾವು ಓಡಿದ್ದು 9,310 ಮೀಟರ್. ಕೊರಳಿಗೆ ಹಾಕಿದ ಪದಕದ ಮೇಲೆ 10 ಕಿಮೀ ಎಂದೇ ಇತ್ತು.

ಇದರಿಂದ ಯಾರಿಗೇನು ನಷ್ಟ ಎಂದು ತಮಗೆ ಅನ್ನಿಸಬಹುದು. ನನ್ನ ಜೊತೆ ಬಂದಿದ್ದ ಒಬ್ಬ ಹುಡುಗಿಗೆ ಆದದ್ದನ್ನು ಹೇಳುತ್ತೇನೆ. ಬಟ್ಟೆ ಹೊಲಿದು ಮನೆ ನಡೆಸುವ ತಾಯಿಯ ಮಗಳು. ನಮ್ಮ ಕೆರೆ ಏರಿಯ ಮೇಲೆ ಎರಡು ವರ್ಷ ಓಡಿದವಳು. ಅವತ್ತು 38 ನಿಮಿಷ 20 ಸೆಕೆಂಡಿಗೆ ಮುಗಿಸಿದಳು. ಅದಕ್ಕೂ ಮೊದಲು 41 ನಿಮಿಷದ ಒಳಗೆ ಅವಳು ಓಡಿದ್ದೇ ಇಲ್ಲ. ಗಡಿಯಾರ ನೋಡಿ ಅತ್ತುಬಿಟ್ಟಳು. ನನಗೆ ಒಳಗೊಳಗೇ ಅನುಮಾನ. ಆದರೆ ಆ ಮುಖ ನೋಡಿ ಅವತ್ತು ಬಾಯಿ ಬಿಡಲಾಗಲಿಲ್ಲ. ಸೈಕಲ್ ಅಳತೆ ಆದ ಮೇಲೆ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಅವಳ ವೇಗ ಕಿಲೋಮೀಟರಿಗೆ 4 ನಿಮಿಷ 7 ಸೆಕೆಂಡ್. ಪೂರ್ತಿ ಹತ್ತು ಕಿಲೋಮೀಟರಿಗೆ ಅದು 41 ನಿಮಿಷ 10 ಸೆಕೆಂಡ್ ಆಗುತ್ತದೆ. 'ಹಾಗಾದರೆ ನಾನು ಸುಧಾರಿಸಿಲ್ವಾ ಸಾರ್?' ಎಂದು ಕೇಳಿದಳು. ಎರಡು ವಾರ ಅಭ್ಯಾಸಕ್ಕೆ ಬರಲಿಲ್ಲ. ಇಲ್ಲದ ಖುಷಿಯನ್ನು ಕೊಟ್ಟು ಕಿತ್ತುಕೊಂಡ ಹಾಗಾಯಿತು.

ಓಟದಲ್ಲಿ ಗೆಲ್ಲುವವರು ಒಬ್ಬರೋ ಇಬ್ಬರೋ. ಉಳಿದ ಸಾವಿರಾರು ಜನ ತಮ್ಮ ಹಿಂದಿನ ಸಮಯದ ಜೊತೆಗೇ ಓಡುವವರು. ಅವರಿಗೆ ಕಾಣಿಸುವ ಗುರಿ ಅಂದರೆ ಆ ಒಂದು ಅಂಕಿ. 1978ರಲ್ಲಿ ಜಲಂಧರ್‌ನಲ್ಲಿ ಶಿವನಾಥ್ ಸಿಂಗ್ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ಆ ರಾಷ್ಟ್ರೀಯ ದಾಖಲೆ ನಾಲ್ಕು ದಶಕಕ್ಕೂ ಜಾಸ್ತಿ ಉಳಿಯಿತು. ಎರಡು ತಲೆಮಾರಿನ ಓಟಗಾರರು ಆ ಅಂಕಿಯನ್ನು ಬೆನ್ನಟ್ಟಿದರು. ನಾನೂ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನು ಬರೆದಿಟ್ಟುಕೊಂಡಿದ್ದೆ. ಅಂಕಿಯ ಮೇಲೆ ನಂಬಿಕೆ ಹೋದರೆ ಬೆನ್ನಟ್ಟುವುದು ಏನನ್ನು?

ರಸ್ತೆ ಅಳೆಯುವುದಕ್ಕೆ ಒಂದು ಪದ್ಧತಿ ಇದೆ. ಹಳೆಯದು, ಅಗ್ಗದ್ದು, ಜಗತ್ತೆಲ್ಲ ಒಪ್ಪಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳಷ್ಟು ಕಡೆ ಇವತ್ತಿಗೂ ಕಾರಿನ ಮೀಟರ್ ನೋಡಿ ಹತ್ತು ಕಿಲೋಮೀಟರ್ ಎನ್ನುತ್ತಾರೆ. ಕಾರಿನ ಮೀಟರ್ ನೂರಕ್ಕೆ ಎರಡರಷ್ಟು ತಪ್ಪಿದರೂ ಹತ್ತು ಕಿಲೋಮೀಟರಿಗೆ 200 ಮೀಟರ್ ಹೋಯಿತು. ಕೈಗಡಿಯಾರದ ಜಿಪಿಎಸ್ ಮರ, ಕಟ್ಟಡಗಳ ನಡುವೆ ದಾರಿಯನ್ನು ಅಂಕುಡೊಂಕಾಗಿ ಹಿಡಿಯುತ್ತದೆ. ಅದೂ ಆಗದು.

ಮೊದಲು ನೇರವಾದ ಒಂದು ರಸ್ತೆಯಲ್ಲಿ ಕನಿಷ್ಠ 300 ಮೀಟರ್ ಉದ್ದವನ್ನು ಉಕ್ಕಿನ ಟೇಪಿನಿಂದ ಅಳೆಯಬೇಕು. ಟೇಪು ಬಿಸಿಲಿಗೆ ಹಿಗ್ಗುತ್ತದೆ. 20 ಡಿಗ್ರಿಗೆ ಸರಿಯಾಗಿರುವ ಟೇಪು 30 ಡಿಗ್ರಿಯಲ್ಲಿ 300 ಮೀಟರಿಗೆ ಸುಮಾರು ಮೂರೂವರೆ ಸೆಂಟಿಮೀಟರ್ ಹಿಗ್ಗಿರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಮೇಲೆ ಸೈಕಲ್ಲಿನ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಸಣ್ಣ ಎಣಿಕೆ ಯಂತ್ರ ಕಟ್ಟಬೇಕು. ಚಕ್ರ ಒಂದು ಸುತ್ತು ಹೊಡೆದರೆ ಅದು ಇಪ್ಪತ್ತಕ್ಕೂ ಜಾಸ್ತಿ ಎಣಿಸುತ್ತದೆ. ಒಂದು ಎಣಿಕೆ ಅಂದರೆ ಸುಮಾರು ಒಂಬತ್ತು ಸೆಂಟಿಮೀಟರ್. ಟೇಪಿನಿಂದ ಅಳೆದ ಆ ದೂರವನ್ನು ನಾಲ್ಕು ಸಲ ತುಳಿದು ಎಷ್ಟು ಎಣಿಕೆ ಬಂತು ನೋಡಬೇಕು. ಓಟದ ದಾರಿಯನ್ನು ಅಳೆದ ಮೇಲೆ ಮತ್ತೆ ನಾಲ್ಕು ಸಲ ತುಳಿಯಬೇಕು. ಯಾಕೆಂದರೆ ಬೆಳಗಿನ ಚಳಿಯಲ್ಲಿದ್ದ ಟೈರು ಬಿಸಿಲೇರಿದ ಮೇಲೆ ಉಬ್ಬಿರುತ್ತದೆ.

ದಾರಿ ಅಳೆಯುವಾಗ ರಸ್ತೆಯ ನಡುವೆ ಹೋಗುವಂತಿಲ್ಲ. ಓಟಗಾರ ಎಲ್ಲಿ ಅತಿ ಹತ್ತಿರದ ದಾರಿ ಹಿಡಿಯುತ್ತಾನೋ ಅಲ್ಲೇ ಹೋಗಬೇಕು. ತಿರುವಿನಲ್ಲಿ ರಸ್ತೆಯ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ತುಳಿಯಬೇಕು. ಎಲ್ಲ ಆದ ಮೇಲೆ ಕಿಲೋಮೀಟರಿಗೆ ಒಂದು ಮೀಟರಿನಂತೆ ಸೇರಿಸಬೇಕು. ಹತ್ತು ಕಿಲೋಮೀಟರ್ ಓಟಕ್ಕೆ 10,010 ಮೀಟರ್. ಯಾವ ಕಾರಣಕ್ಕೂ ದಾರಿ ಕಡಿಮೆ ಬೀಳಬಾರದು ಎಂದು ಈ ಹತ್ತು ಮೀಟರ್.

ಇದಕ್ಕೆ ಬೇಕಾದದ್ದು ಒಂದು ಸೈಕಲ್ಲು, ಒಂದು ಟೇಪು, ಒಂದು ಸಣ್ಣ ಯಂತ್ರ, ಎರಡು ಭಾನುವಾರದ ಬೆಳಗು.

ಈ ಪದ್ಧತಿಯನ್ನು ಅಮೆರಿಕದಲ್ಲಿ ನೆಲೆಗೊಳಿಸಿದವರು ಟೆಡ್ ಕಾರ್ಬಿಟ್. ಅವರ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ಗುಲಾಮರಾಗಿದ್ದವರ ಮೊಮ್ಮಗ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದವರು. ಹೊಟ್ಟೆಪಾಡಿಗೆ ನ್ಯೂಯಾರ್ಕಿನಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದರು. ಇಂಗ್ಲೆಂಡಿನಲ್ಲಿ ಸೈಕಲ್ಲಿನಿಂದ ಅಳೆಯುವ ಕ್ರಮ ಇದೆ ಎಂದು ತಿಳಿದು ಅದನ್ನು ಕಲಿತು, ಪರೀಕ್ಷಿಸಿ, 1964ರಲ್ಲಿ ಒಂದು ಪುಸ್ತಿಕೆಯಾಗಿ ಬರೆದರು. ಜೋನ್ಸ್ ಕೌಂಟರ್ ಬಂದದ್ದು ಆಮೇಲೆ, 1971ರಲ್ಲಿ. ದೊಡ್ಡ ಓಟಗಾರ ತನ್ನ ಕೀರ್ತಿಯನ್ನು ಬದಿಗಿಟ್ಟು, ಬೇರೆಯವರ ಓಟಕ್ಕೆ ಮೋಸ ಆಗದಿರಲಿ ಎಂದು ರಸ್ತೆ ಅಳೆಯುತ್ತಾ ಕೂತರಲ್ಲ, ಅದು ನನಗೆ ಅವರ ಒಲಿಂಪಿಕ್ಸ್‌ಗಿಂತ ದೊಡ್ಡದಾಗಿ ಕಾಣುತ್ತದೆ.

ಅಳತೆ ವಿಷಯದಲ್ಲಿ ದೊಡ್ಡವರಿಗೂ ರಿಯಾಯಿತಿ ಇಲ್ಲ. 1981ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿ ಆಲ್ಬರ್ಟೊ ಸಲಜಾರ್ 2 ಗಂಟೆ 8 ನಿಮಿಷ 13 ಸೆಕೆಂಡಿಗೆ ಓಡಿದಾಗ ಅದನ್ನು ವಿಶ್ವದಲ್ಲೇ ಅತಿ ವೇಗದ ಓಟ ಎಂದು ಕೊಂಡಾಡಿದರು. ಆಮೇಲೆ ಆ ದಾರಿಯನ್ನು ಮತ್ತೆ ಅಳೆದಾಗ ಸುಮಾರು 150 ಮೀಟರ್ ಕಡಿಮೆ ಬಂತು. ದಾಖಲೆ ಹೋಯಿತು. 42,195 ಮೀಟರಿನಲ್ಲಿ 150 ಮೀಟರ್ ಕಡಿಮೆಯಾದದ್ದಕ್ಕೆ ಅಷ್ಟು ದೊಡ್ಡ ಹೆಸರನ್ನೇ ಅಳಿಸಿದರು. ನಮ್ಮಲ್ಲಿ ಹತ್ತು ಸಾವಿರದಲ್ಲಿ 690 ಹೋದರೂ ಯಾರೂ ಕೇಳಲಿಲ್ಲ.

ನಾನೂ ಈ ತಪ್ಪು ಮಾಡಿದವನೇ. 1991ರಲ್ಲಿ ನಾನು ನಡೆಸಿದ ಮೊದಲ ಓಟಕ್ಕೆ 43 ಜನ ಬಂದಿದ್ದರು. ಐದು ರೂಪಾಯಿ ಶುಲ್ಕ. ರಸ್ತೆಯನ್ನು ಸ್ನೇಹಿತರ ಸ್ಕೂಟರಿನ ಮೀಟರಿನಿಂದ ಅಳೆದಿದ್ದೆ. ಮುಗಿಸುವ ಕಡೆ ಎರಡು ಹಗ್ಗ ಕಟ್ಟಿ, ಬಂದವರಿಗೆ ಬಂದ ಕ್ರಮದಲ್ಲಿ ನಂಬರ್ ಬರೆದ ರಟ್ಟಿನ ಚೀಟಿ ಕೊಡುತ್ತಿದ್ದೆವು. ಮಜ್ಜಿಗೆ ಇತ್ತು, ಬೆಲ್ಲ ಇತ್ತು. ಎಲ್ಲರೂ ಹೊಗಳಿದರು. ಅಂಚೆ ಕಚೇರಿಯ ಒಬ್ಬ ಹಿರಿಯರು ಮಾತ್ರ ಪಕ್ಕಕ್ಕೆ ಕರೆದು, 'ಮೇಷ್ಟ್ರೇ, ಇದು ಹತ್ತಲ್ಲ. ನನ್ನ ಕಾಲಿಗೆ ಗೊತ್ತಾಗುತ್ತೆ' ಎಂದರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಐದು ರೂಪಾಯಿ ತೆಗೆದುಕೊಂಡು ಹತ್ತು ಕಿಲೋಮೀಟರ್ ಎಂದು ಹೇಳಿ ಕಡಿಮೆ ಕೊಟ್ಟಿದ್ದೆ. ತಕ್ಕಡಿ ತಪ್ಪಿದ ಅಂಗಡಿಗೂ ಇದಕ್ಕೂ ಏನು ವ್ಯತ್ಯಾಸ? ಅಂಗಡಿಯ ತಕ್ಕಡಿಗೆ ಮುದ್ರೆ ಹಾಕಲು ಸರ್ಕಾರದಲ್ಲಿ ಒಂದು ಇಲಾಖೆಯೇ ಇದೆ, ಅಲ್ವಾ? ಸಾವಿರ ರೂಪಾಯಿ ಶುಲ್ಕ ಕೊಟ್ಟು ಓಡುವ ರಸ್ತೆಗೆ ಯಾವ ಮುದ್ರೆಯೂ ಇಲ್ಲ. ಆ ಹಿರಿಯರಿಂದಾಗಿ ನಾನು ಅಳತೆ ಕಲಿತೆ. ಅಲ್ಲಿಂದೀಚೆಗೆ ನನ್ನ ಯಾವ ಓಟದ ದಾರಿಯನ್ನೂ ಸೈಕಲ್ ತುಳಿಯದೆ ತೆರೆದಿಲ್ಲ.

ಇನ್ನು ಆ ಏಪ್ರಿಲ್ ಭಾನುವಾರದ ಎರಡನೇ ವಿಷಯ. ಬರೆಯುವುದಕ್ಕೆ ಕಷ್ಟವಾಗುತ್ತದೆ. ಆದರೂ ಬರೆಯಬೇಕು.

ಎಂಟನೇ ಕಿಲೋಮೀಟರ್ ಹತ್ತಿರ ರಸ್ತೆ ಬದಿಯಲ್ಲಿ ಜನ ಗುಂಪುಗೂಡಿದ್ದರು. ಹತ್ತೊಂಬತ್ತು ವರ್ಷದ ಒಬ್ಬ ಕಾಲೇಜು ಹುಡುಗ ಬಿದ್ದಿದ್ದ. ಮುಂಚೆ ಸ್ವಲ್ಪ ದೂರ ಅಡ್ಡಾದಿಡ್ಡಿ ಓಡಿದನಂತೆ. 'ಬಸ್ಸು ಹೋಯ್ತು, ಬಸ್ಸು ಹೋಯ್ತು' ಎಂದು ಏನೇನೋ ಹೇಳಿದನಂತೆ. ನೋಡಿದವರು ಮೂರ್ಛೆರೋಗ ಎಂದುಕೊಂಡು ಕೈಗೆ ಬೀಗದ ಕೈಗೊಂಚಲು ಹಿಡಿಸಿದ್ದರು. ಒಬ್ಬರು ಬಾಯಿಗೆ ನೀರು ಹುಯ್ಯುತ್ತಿದ್ದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ನಾನು ಮುಟ್ಟಿ ನೋಡಿದೆ. ಮೈ ಕಾದ ಹೆಂಚಿನ ಹಾಗಿತ್ತು. ಬೆವರು ಸುರಿಯುತ್ತಲೇ ಇತ್ತು. ಬೆವರು ನಿಂತರೆ ಮಾತ್ರ ಶಾಖಾಘಾತ ಎಂದು ಬಹಳ ಜನ ತಿಳಿದಿದ್ದಾರೆ. ಓಡುವವರಲ್ಲಿ ಹಾಗಲ್ಲ. ಬೆವರುತ್ತಲೇ ಬೀಳುತ್ತಾರೆ. ಮೈ ಒಳಗಿನ ಶಾಖ 40 ಡಿಗ್ರಿ ದಾಟಿ, ಮಾತು ತಪ್ಪಿದರೆ ಅದು ಶಾಖಾಘಾತ.

ಪಕ್ಕದ ಟೀ ಅಂಗಡಿಯ ಡ್ರಮ್ಮಿನಲ್ಲಿ ನೀರಿತ್ತು. ನಾನು, ಇನ್ನಿಬ್ಬರು ಓಟಗಾರರು ಕೊಡಗಟ್ಟಲೆ ಸುರಿದೆವು. ಆಂಬುಲೆನ್ಸ್ ಎರಡು ಕಿಲೋಮೀಟರ್ ಆಚೆ ವೇದಿಕೆ ಪಕ್ಕದಲ್ಲಿತ್ತು. ಅದರ ಮುಂದೆ ಅತಿಥಿಗಳ ಕಾರುಗಳು. ಹುಡುಗ ಬಿದ್ದ 35 ನಿಮಿಷಕ್ಕೆ ಅದು ಬಂತು. ಒಳಗೆ ಐಸು ಇರಲಿಲ್ಲ. ಹಣೆಗೆ ಹಿಡಿಯುವ ಥರ್ಮಾಮೀಟರ್ ಗನ್ ಇತ್ತು. ನಾವು ನೀರು ಸುರಿದ ಹಣೆಗೆ ಅದನ್ನು ಹಿಡಿದು, ಜ್ವರ ಅಷ್ಟೇನಿಲ್ಲ ಎಂದರು. ಈ ಕೆಲಸಕ್ಕೆ ಆ ಗನ್ ಬಾರದು. ಗುದದ್ವಾರದಲ್ಲಿಟ್ಟು ನೋಡುವ ಥರ್ಮಾಮೀಟರ್ ಮಾತ್ರ ನಿಜ ಹೇಳುತ್ತದೆ.

ಹುಡುಗ ಬದುಕಿದ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಡಯಾಲಿಸಿಸ್ ಮಾಡಬೇಕಾಯಿತು. ನಾನು ನೋಡಲು ಹೋದಾಗ ಅವನ ತಂದೆ ಕಾರಿಡಾರಿನಲ್ಲಿ ಕೂತಿದ್ದರು. 'ಆರೋಗ್ಯಕ್ಕೆ ಒಳ್ಳೇದು ಅಂತ ನಾನೇ ದುಡ್ಡು ಕಟ್ಟಿ ಕಳಿಸಿದ್ದೆ ಸಾರ್' ಎಂದರು. ಅವರಿಗೆ ಏನು ಹೇಳಲಿ?

ಇದಕ್ಕೆ ಮದ್ದು ಗೊತ್ತಿದೆ. ಮೊದಲು ತಂಪು ಮಾಡಬೇಕು, ಆಮೇಲೆ ಸಾಗಿಸಬೇಕು. ಬಿದ್ದ ಅರ್ಧ ಗಂಟೆಯೊಳಗೆ ಮೈಯನ್ನು ಐಸು ಹಾಕಿದ ನೀರಿನಲ್ಲಿ ಮುಳುಗಿಸಿ ಶಾಖ ಇಳಿಸಿದರೆ ಜೀವ ಉಳಿಯುತ್ತದೆ. ಅಮೆರಿಕದ ಫಾಲ್ಮತ್ ಎಂಬ ಊರಿನಲ್ಲಿ ಆಗಸ್ಟ್ ಸೆಕೆಯಲ್ಲಿ ಏಳು ಮೈಲಿಯ ಓಟ ನಡೆಯುತ್ತದೆ. ಅಲ್ಲಿ 18 ವರ್ಷಗಳ ಲೆಕ್ಕದಲ್ಲಿ 274 ಜನ ಶಾಖಾಘಾತಕ್ಕೆ ಸಿಕ್ಕಿದ್ದರು. ಮುಗಿಸುವ ಗೆರೆಯ ಹತ್ತಿರವೇ ಐಸ್ ನೀರಿನ ಟಬ್ಬುಗಳಿದ್ದವು. 274 ಜನರೂ ಬದುಕಿದರು. ಒಬ್ಬರೂ ಸಾಯಲಿಲ್ಲ.

ಟಬ್ಬು ಇಲ್ಲದಿದ್ದರೆ ಟಾರ್ಪಾಲ್ ಸಾಕು. ನಾಲ್ಕು ಮೂಲೆಯನ್ನು ನಾಲ್ಕು ಜನ ಎತ್ತಿ ಹಿಡಿದು, ನಡುವೆ ಮಲಗಿಸಿ, ಐಸು ನೀರು ಹಾಕಿ ಅಲುಗಾಡಿಸುತ್ತಿರಬೇಕು. ತಲೆ ನೀರಿನ ಮೇಲಿರಲಿ. ಟಾರ್ಪಾಲ್ ನಮ್ಮ ಯಾವ ಊರಿನಲ್ಲಿ ಸಿಗುವುದಿಲ್ಲ? ರಾಗಿ ಒಕ್ಕುವ ಕಣದಲ್ಲೂ ಇರುತ್ತದೆ. ಐಸು ಮೀನು ಮಾರುಕಟ್ಟೆಯಲ್ಲಿದೆ, ಕಬ್ಬಿನ ಹಾಲಿನ ಅಂಗಡಿಯಲ್ಲಿದೆ. ಅವತ್ತು ಆ ಹುಡುಗ ಬಿದ್ದ ಜಾಗದಿಂದ ನಾಲ್ಕನೇ ಅಂಗಡಿ ಜ್ಯೂಸ್ ಅಂಗಡಿಯಾಗಿತ್ತು. ಬಾಗಿಲು ಹಾಕಿತ್ತು. ಆಂಬುಲೆನ್ಸ್ ಹೋದ ಮೇಲೆ ಮಾಲೀಕರು ಬಂದು ಬಾಗಿಲೆತ್ತಿದರು. ಒಳಗೆ ಮರದ ಹೊಟ್ಟಿನಲ್ಲಿ ಮುಚ್ಚಿಟ್ಟ ಐಸಿನ ಗಡ್ಡೆ ಇತ್ತು. ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ.

ನಾನು ಸಂಘಟಕರನ್ನು ಮಾತ್ರ ದೂರುತ್ತಿಲ್ಲ. ಅವರು ಕೇಳಿದ್ದನ್ನೆಲ್ಲ ಕೊಟ್ಟಿದ್ದರು. 'ಆಂಬುಲೆನ್ಸ್ ವ್ಯವಸ್ಥೆ ಇದೆಯೇ?' ಎಂದು ಕಾಗದ ಕೇಳಿತ್ತು. 'ಇದೆ' ಎಂದು ಬರೆದಿದ್ದರು. ಇತ್ತು ಕೂಡ. ಐಸಿನ ಬಗ್ಗೆ ಯಾರೂ ಕೇಳಿರಲಿಲ್ಲ. ತಾವು ಕೇಳಿದ್ದರೆ ಅವರು ತರುತ್ತಿದ್ದರು. ನನ್ನ ಮಾತಿನ ತಿರುಳೇ ಇದು. ಅನುಮತಿ ಪತ್ರದಲ್ಲಿ ತಾವು ಏನು ಕೇಳುತ್ತೀರೋ ಅದು ರಸ್ತೆಗೆ ಬರುತ್ತದೆ. ಕೇಳದೇ ಇದ್ದದ್ದು ಬರುವುದಿಲ್ಲ.

ಕೊನೆಯಲ್ಲಿ ಓಡುವವರ ವಿಷಯವೂ ಹೀಗೇ. ಅವತ್ತು ಅನುಮತಿ ಎಂಟು ಗಂಟೆಯವರೆಗೆ ಇತ್ತು. ಓಟ ಶುರುವಾದದ್ದೇ ತಡ. ಎಂಟಕ್ಕೆ ಸರಿಯಾಗಿ ಬ್ಯಾರಿಕೇಡ್ ತೆಗೆದರು. ಆಗ ರಸ್ತೆಯಲ್ಲಿ ಇನ್ನೂ ನೂರಾರು ಜನ ಇದ್ದರು. ಹೆಚ್ಚಿನವರು ಹೆಂಗಸರು. ಮನೆಗೆಲಸ ಮುಗಿಸಿ, ಹಾಲು ಕಾಯಿಸಿಟ್ಟು, ಮಕ್ಕಳನ್ನು ಯಾರ ಬಳಿಯೋ ಬಿಟ್ಟು ಬಂದವರು. ಮೊದಲ ಸಲ ಓಡುವವರು. ಬಸ್ಸು, ಆಟೋಗಳ ನಡುವೆ ಓಡಿದರು. ಬಸ್ಸುಗಳು ಅವರಿಗೇ ಹಾರ್ನ್ ಹೊಡೆದವು. ಅವರು ಬಂದು ಮುಟ್ಟುವ ಹೊತ್ತಿಗೆ ನೀರಿನ ಮೇಜು ಎತ್ತಿಟ್ಟಿದ್ದರು, ಕಮಾನು ಬಿಚ್ಚುತ್ತಿದ್ದರು. ತಡವಾದದ್ದು ಅವರಿಂದಲ್ಲ. ಅತಿಥಿಯಿಂದ. ಆದರೆ ತಡದ ಬೆಲೆ ಕೊಟ್ಟವರು ಅವರು. ಒಲಿಂಪಿಕ್ಸ್‌ನಲ್ಲೇ ಹೆಂಗಸರಿಗೆ ಮ್ಯಾರಥಾನ್ ಓಡಲು ಬಿಟ್ಟದ್ದು 1984ರಲ್ಲಿ. ಅಷ್ಟು ಕಾದು ಪಡೆದ ರಸ್ತೆಯನ್ನು ನಮ್ಮ ಊರಿನ ಹೆಣ್ಣುಮಕ್ಕಳು ಬಸ್ಸಿಗೆ ಬಿಟ್ಟುಕೊಡಬೇಕಾಯಿತಲ್ಲ ಎಂದು ಸಂಕಟವಾಯಿತು.

ಗಂಟೆ ನೋಡಿ ರಸ್ತೆ ತೆರೆಯುವ ಬದಲು ಕೊನೆಯ ಓಟಗಾರನನ್ನು ನೋಡಿ ತೆರೆಯಬಹುದು. ಇಂತಿಷ್ಟು ಹೊತ್ತಿನೊಳಗೆ ಮುಗಿಸಬೇಕು ಎಂದು ಮೊದಲೇ ಸಾರಬೇಕು. ಹತ್ತು ಕಿಲೋಮೀಟರಿಗೆ ಒಂದೂ ಮುಕ್ಕಾಲು ಗಂಟೆ ಇರಲಿ. ಆ ವೇಗದಲ್ಲಿ ಒಂದು ಗಾಡಿ ಎಲ್ಲರ ಹಿಂದೆ ಬರಬೇಕು. ಗಾಡಿ ದಾಟಿದ ಮೇಲೆ ಅಲ್ಲಿಯವರೆಗಿನ ರಸ್ತೆಯನ್ನು ವಾಹನಗಳಿಗೆ ಬಿಡಬಹುದು. ಇದರಿಂದ ಊರಿಗೂ ಅನುಕೂಲ. ಹಿಂದಿನ ರಸ್ತೆಗಳು ಬೇಗ ಬೇಗ ತೆರೆಯುತ್ತಾ ಬರುತ್ತವೆ. ಆಸ್ಪತ್ರೆಗೆ, ಬಸ್ ನಿಲ್ದಾಣಕ್ಕೆ ಹೋಗುವವರು ಇಡೀ ಬೆಳಗು ಕಾಯಬೇಕಿಲ್ಲ. ಅವರ ಕಷ್ಟವೂ ನನಗೆ ಗೊತ್ತು. ಓಟದ ಹೆಸರಿನಲ್ಲಿ ಊರನ್ನು ಕಟ್ಟಿಹಾಕಬೇಕು ಎಂದು ನಾನೆಂದೂ ಹೇಳುವವನಲ್ಲ.

ಬೆಂಗಳೂರಿನಲ್ಲಿ 2008ರಲ್ಲಿ ಅಂತಾರಾಷ್ಟ್ರೀಯ ಮಟ್ಟದ 10 ಕಿಮೀ ಓಟ ಶುರುವಾಯಿತು. ಅಷ್ಟು ವಾಹನಗಳ ನಡುವೆಯೂ ರಸ್ತೆ ಮುಚ್ಚಿ, ಅಳತೆ ಮಾಡಿಸಿ ಓಟ ನಡೆಸಬಹುದು ಎಂದು ನಮ್ಮ ರಾಜ್ಯವೇ ತೋರಿಸಿದೆ. ಅಲ್ಲಿ ಹಣ ಇದೆ, ಇಲ್ಲಿ ಇಲ್ಲ ಎನ್ನಬಹುದು. ನಾನು ಮೇಲೆ ಹೇಳಿದ ಯಾವುದಕ್ಕೂ ದೊಡ್ಡ ಹಣ ಬೇಡ. ವೇದಿಕೆಯ ಹೂವಿನ ಖರ್ಚಿನಲ್ಲಿ ಐಸು ಬರುತ್ತದೆ.

ಹಾಗಾಗಿ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಅನುಮತಿಗೆ ಅರ್ಜಿ ಬಂದಾಗ ರಸ್ತೆ ಅಳೆದವರ ಹೆಸರು, ಅಳೆದ ದಿನ, ಎಣಿಕೆಯ ಹಾಳೆ ಕೇಳಿ. ತಿರುಗುವ ಜಾಗವನ್ನು ವಿದ್ಯುತ್ ಕಂಬದ ನಂಬರಿನ ಸಮೇತ ನಕ್ಷೆಯಲ್ಲಿ ಗುರುತಿಸಲು ಹೇಳಿ. ತಮ್ಮ ಠಾಣೆಯವರು ದಾರಿಯನ್ನು ಮೂರು ವಾರ ಮೊದಲೇ ಸಂಘಟಕರ ಜೊತೆ ನಡೆದು ನೋಡಲಿ, ಬದಲಾವಣೆ ಬೇಕಿದ್ದರೆ ಆಗಲೇ ಹೇಳಲಿ. ಓಟದ ಬೆಳಿಗ್ಗೆ ಅನಿವಾರ್ಯವಾಗಿ ಬದಲಾದರೆ ದೂರ ಇಷ್ಟು ಕಡಿಮೆಯಾಗಿದೆ ಎಂದು ಮೈಕಿನಲ್ಲಿ ಸಾರಲಿ, ಫಲಿತಾಂಶದ ಪಟ್ಟಿಯಲ್ಲೂ ಬರೆಯಲಿ. ಬೇಸಿಗೆ ಓಟಗಳಿಗೆ ಐಸು, ಟಾರ್ಪಾಲ್ ಅಥವಾ ಟಬ್ಬು, ಅದನ್ನು ಬಳಸಲು ಬರುವ ಒಬ್ಬ ವೈದ್ಯರು ಇರಲೇಬೇಕು ಎಂದು ಷರತ್ತು ಹಾಕಿ. ಆಂಬುಲೆನ್ಸ್ ಮುಂದೆ ಯಾರ ಕಾರೂ ನಿಲ್ಲಬಾರದು.

ಮತ್ತೊಂದು ಮಾತು. ತಮ್ಮಲ್ಲಿ ಹಲವರು ಬಾವುಟ ಬೀಸಲು ಬರುತ್ತೀರಿ. ತಾವು ಬಂದರೆ ನಮಗೆ ಸಂತೋಷವೇ. ಆದರೆ ಓಟ ತಮಗಾಗಿ ಕಾಯಬೇಕಿಲ್ಲ ಎಂದು ತಾವೇ ಮೊದಲು ಬರೆದು ಕಳಿಸಿ. ಸಂಘಟಕರು ಆ ಮಾತನ್ನು ತಮಗೆ ಹೇಳಲಾರರು. ಅವರಿಗೆ ಮುಂದಿನ ವರ್ಷವೂ ತಮ್ಮ ಸಹಿ ಬೇಕು.

ಅಳತೆಗೆ ಜನ ಎಲ್ಲಿಂದ ತರುವುದು ಎಂಬ ಚಿಂತೆ ಬೇಡ. ಪ್ರತಿ ತಾಲ್ಲೂಕಿನಲ್ಲೂ ದೈಹಿಕ ಶಿಕ್ಷಣದ ಮೇಷ್ಟ್ರುಗಳಿದ್ದಾರೆ. ಎರಡು ದಿನದಲ್ಲಿ ಕಲಿಯುವ ವಿದ್ಯೆ ಇದು. ಕಲಿಸಲು ನಾನು ಸಿದ್ಧ. ಹಣ ಬೇಡ. ಯಾವ ಜಿಲ್ಲೆಯಿಂದ ಕರೆದರೂ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಬರುತ್ತೇನೆ. ಕೌಂಟರ್ ನನ್ನ ಹತ್ತಿರ ಇದೆ, ಟೇಪೂ ಇದೆ. ವಾಹನ ಕಡಿಮೆ ಇರುವ ಬೆಳಗಿನ ನಾಲ್ಕು ಗಂಟೆಗೆ ಶುರು ಮಾಡಬೇಕಾಗುತ್ತದೆ. ತಿರುವುಗಳಲ್ಲಿ ರಸ್ತೆಯ ಆ ಬದಿಯಿಂದ ಈ ಬದಿಗೆ ದಾಟುತ್ತಿರಬೇಕಾದ್ದರಿಂದ, ದೀಪ ಹಾಕಿಕೊಂಡು ನನ್ನ ಹಿಂದೆ ನಿಧಾನವಾಗಿ ಬರುವ ಒಂದು ಪೊಲೀಸ್ ಜೀಪನ್ನು ಮಾತ್ರ ಕಳಿಸಿಕೊಡಿ.

ಆ ಹುಡುಗಿ ಮತ್ತೆ ಅಭ್ಯಾಸಕ್ಕೆ ಬರುತ್ತಿದ್ದಾಳೆ. ಕಳೆದ ತಿಂಗಳು ಟ್ರ್ಯಾಕಿನ ಮೇಲೆ 25 ಸುತ್ತು, ಅಂದರೆ ಪೂರ್ತಿ ಹತ್ತು ಕಿಲೋಮೀಟರ್ ಓಡಿ 40 ನಿಮಿಷ 48 ಸೆಕೆಂಡಿಗೆ ಮುಗಿಸಿದಳು. ಮುಂದಿನ ರಸ್ತೆ ಓಟಕ್ಕೆ ಹೆಸರು ಕೊಡುವ ಮೊದಲು, 'ಸಾರ್, ಆ ದಾರಿ ಅಳೆದಿದ್ದಾರಾ?' ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ದಯವಿಟ್ಟು ತಾವು ಕೇಳಿ ತಿಳಿಸಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು, ಓಟಗಾರ
ಮೈಸೂರು